ನಾಲ್ಕನೇ ಗುಂಡಿ

ಮಲವಗೊಪ್ಪ ದಾಟಿದಲ್ಲಿಂದ ಶುರು ಅದು:
ಎಡಗಡೆ, ನನ್ನ ಕಾಲ ಕೆಳಗೇ,
ಟೊಕ್.
ಬ್ರೇಕಿಗೆ ಒಮ್ಮೆ, ರಸ್ತೆಗುಂಡಿಗೆ ಎರಡು ಸಲ.
ಸುಮೋ ತುಂಬ ಹತ್ತು ಹೆಂಗಸರು, ಹತ್ತು ಬುತ್ತಿ.
ಯಾರದೋ ಡಬ್ಬಿ ಮುಚ್ಚಳ ಸಡಿಲ, ಅಂದಳು ಫಿಲೋಮಿನಾ.
ಲಿಂಗೋಜಿ ರೇಡಿಯೋ ಜೋರು ಮಾಡಿದ.

ನಾನು ಮಾತಾಡಲಿಲ್ಲ.
ಹನ್ನೊಂದು ವರ್ಷದಿಂದ ಮಾಚೇನಹಳ್ಳಿ ಶೆಡ್ಡಿನಲ್ಲಿ
ಬುಷ್ ಮಾಡುವವಳು ನಾನು.
ಅದು ಗಾಡಿಯ ಯಾವ ಮೂಲೆಗೆ ಹೋಗುತ್ತದೆ,
ಹೋಗಿ ಏನು ಮಾಡುತ್ತದೆ ಎಂದು ಕೇಳಿದ್ದರೆ
ಕೈ ಬೀಸಿ ತೋರಿಸುತ್ತಿದ್ದೆ: ಕೆಳಗೆಲ್ಲೋ.

ನಮಗೆ ಗೊತ್ತಿರುವುದು ಇಷ್ಟು.
ಮಸಿ, ಗಂಧಕ ತಿಂದ ರಬ್ಬರು
ಎರಡು ಉರುಳೆಯ ನಡುವಿಂದ ನಾಲಿಗೆ ಚಾಚುತ್ತದೆ.
ಸೀಳಿ, ತೂಗಿ (ಅರವತ್ತೆರಡು ಗ್ರಾಂ,
ಚಿನ್ನದಂಗಡಿಯವರಿಗಿಂತ ಹುಷಾರಾಗಿ)
ಅಂಟು ಬಳಿದ ಉಕ್ಕಿನ ಬಳೆಯೊಟ್ಟಿಗೆ
ಡೈಯ ಎಂಟು ಗುಂಡಿಗೆ ಎಂಟು ತುತ್ತು.
ಪ್ರೆಸ್ಸು ಬಾಯಿ ಮುಚ್ಚಿದರೆ ಒಂಬತ್ತು ನಿಮಿಷ.
ಅಷ್ಟರಲ್ಲಿ ಫಿಲೋಮಿನಾಳ ಜಪಸರ ಅರ್ಧ ಮುಗಿಯುತ್ತದೆ,
ನಾನು ಮಗಳಿಗೆ ಫೋನು ಮಾಡಿ
ಗ್ಯಾಸ್ ಆರಿಸಿದೆಯಾ ಕೇಳುತ್ತೇನೆ.

ನಾಲ್ಕನೇ ಗುಂಡಿಯ ಅಂಚಿಗೊಂದು ಏಟು.
ನನಗಿಂತ ಮೊದಲಿದ್ದ ಹೊಳಲೂರಿನ ಕರಿಬಸಮ್ಮ
ಹಿತ್ತಾಳೆ ಕಡ್ಡಿ ಸಿಗದೆ
ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಹೋದಳಂತೆ, ಜಾರಿತಂತೆ.
ಸಂಬಳದಲ್ಲಿ ಮುನ್ನೂರು ಹಿಡಿದರು.
ಅಂದಿನಿಂದ ಅದರಲ್ಲಿ ಬೆಂದು ಬಂದ ಪ್ರತಿಯೊಂದಕ್ಕೂ
ಕೊರಳ ಕೆಳಗೆ ಅಕ್ಕಿನುಚ್ಚಿನಷ್ಟು ಗುಳ್ಳೆ.
ಅಳತೆಗೆ ಬಾಧಕವಿಲ್ಲ, ಅಂದರು ನಟೇಶಯ್ಯ,
ರಿಜೆಕ್ಟ್ ಡಬ್ಬಕ್ಕೆ ಹಾಕಿಸಲಿಲ್ಲ.

ಹುಲಿಕಲ್ ಘಾಟಿಗೆ ಬಾಡಿಗೆ ಹೋಗಿ ಬಂದ ಸೋಮವಾರ
ಟೊಕ್ ಅನ್ನುತ್ತಿದ್ದದ್ದು ಡೊಕ್ ಅಂದಿತು,
ಸ್ಟೇರಿಂಗು ತಾನಾಗಿ ಎಡಕ್ಕೆ ಎಳೆಯಿತು.
ಆಟೋ ಕಾಂಪ್ಲೆಕ್ಸಿನಲ್ಲಿ ದಸ್ತಗೀರ್ ಸಾಬರು
ಹಾರೆ ಕೊಟ್ಟು ಒಂದೇ ಸಲ ಮೀಟಿದರು.
ಆರ್ಮು ಬೀಳುವ ಹಲ್ಲಿನ ಹಾಗೆ ಆಡಿತು.
"ಬುಷ್ ಹೋಗಿ ಆರು ತಿಂಗಳಾಯ್ತು ಲಿಂಗೋಜಿ.
ಗಾಡಿ ಹೇಳ್ತಾನೇ ಇತ್ತು. ನಿಂಗೆ ಕಿವಿ ಇಲ್ಲ."

ಉಳಿದವರು ಬಸ್ಸು ಹಿಡಿದರು.
ಅರ್ಧ ದಿನದ ಸಂಬಳ ಹೋದರೆ ಹೋಗಲಿ,
ನಾನು ನಿಂತೆ.

ಒತ್ತಿ ತೆಗೆದದ್ದನ್ನು ಅಂಗೈ ಮೇಲಿಟ್ಟರು.
ದುಂಡಗೆ ಕಳಿಸಿದ್ದು
ಅವರೆಕಾಳಾಗಿ ಬಂದಿತ್ತು.
ಒಂದು ಪಕ್ಕ ರಬ್ಬರು ಹರಿದು
ಉಕ್ಕಿಗೆ ಉಕ್ಕು ತಾಗಿ ಸವೆದು ಹೊಳಪು,
ಇನ್ನೊಂದು ಪಕ್ಕ ಗ್ರೀಸು, ಘಾಟಿಯ ಕೆಂಪು.
ಹೆಬ್ಬೆರಳಲ್ಲಿ ಒರೆಸಿದೆ.
ಅಕ್ಕಿನುಚ್ಚು ಸಿಕ್ಕಿತು.

ಹೇಳಲಿಲ್ಲ. ಯಾರಿಗೆ, ಏನಂತ?
ಎಷ್ಟು ಸಲ ನನ್ನನ್ನೇ ಹೊತ್ತಿತ್ತೋ!
ಅದು ಅರವತ್ತೆರಡು ಗ್ರಾಂ,
ನಾನು ಎಪ್ಪತ್ತೊಂದು ಕೇಜಿ, ಬುತ್ತಿ ಬೇರೆ.

ಹೊಸದು ಕೂರಿಸಿ ಹುಡುಗ ಅಂತೋಣಿ ಸ್ಪ್ಯಾನರ್ ಎತ್ತಿದ.
"ಏಯ್! ನೇತಾಡೋ ಚಕ್ರಕ್ಕೆ ಬೋಲ್ಟ್ ಬಿಗೀತಾರೇನೋ?
ಗಾಳೀಲಿ ಬಿಗಿದ್ರೆ, ಇಳಿಸಿದ ತಕ್ಷಣ ತಿರುಚ್ಕೊಳ್ಳುತ್ತೆ,
ಮೂರು ತಿಂಗಳಿಗೆ ಹರಿದು ವಾಪಸ್ ಬರುತ್ತೆ.
ನೆಲಕ್ಕೆ ಬಿಡು ಮೊದ್ಲು. ಭಾರ ಬೀಳ್ಲಿ.
ಆಮೇಲೆ ಬಿಗಿ."
ಜಾಕು ಇಳಿಯಿತು. ಸುಮೋ ಉಸ್ಸೆಂದು ಕೂತಿತು.
ಸಾಬರಿಗೆ ಸಮಾಧಾನವಿಲ್ಲ, ಸುತ್ತ ನೋಡಿದರು.
"ಅಕ್ಕಾ, ಒಂದ್ನಿಮಿಷ ಮುಂದೆ ಕೂತ್ಕೊಳ್ತೀರಾ?"

ಕೂತೆ. ಕಾಲ ಕೆಳಗೆ
ಕಿರ್, ಕಿರ್, ಅಂತೋಣಿಯ ಒಂದು ಮುಕ್ಕುರಿ,
ಮತ್ತೆ ಕಿರ್.
ಅಲ್ಲಾಡಬೇಡಿ, ಅಂದರು ಕೆಳಗಿನಿಂದ.
ಉಸಿರು ಹಿಡಿದೆ, ಯಾಕೋ.

ಮಲವಗೊಪ್ಪದ ಗುಂಡಿಗಳು ಸದ್ದಿಲ್ಲದೆ ಹೋದವು.
ಹೊಸದು ಬೇರೆ ಕಂಪನಿಯದು, ಕೊರಳು ನುಣ್ಣಗೆ,
ಹಾಕುವ ಮೊದಲೇ ಸವರಿ ನೋಡಿದ್ದೆ.
ಹಳೆಯದು ಬುತ್ತಿಚೀಲದಲ್ಲಿ,
ಉಪ್ಪಿನಕಾಯಿ ಡಬ್ಬಿಯ ಪಕ್ಕ, ಪೇಪರಿನಲ್ಲಿ.

ಮಧ್ಯಾಹ್ನ ಪ್ರೆಸ್ಸು ತೆರೆದಾಗ
ಎಂಟೂ ಹೊಗೆಯಾಡುತ್ತಿದ್ದವು.
ನಾಲ್ಕನೆಯದನ್ನು ಹಿತ್ತಾಳೆ ಕಡ್ಡಿಯಲ್ಲಿ ಎಬ್ಬಿಸಿ,
ಸುಡುತ್ತದೆಂದು ಗೊತ್ತಿದ್ದೂ,
ಗ್ಲೌಸು ತೆಗೆದು ಮುಟ್ಟಿದೆ.